ಹನ್ನೆರಡನೆಯ ಕಾಲು

ಮುಂಬಯಿಯಿಂದ ಅರ್ಜಿಯ ನಮೂನೆ ಬಂದ ದಿನ ಬಿ.ಜಿ. ಕೆರೆಯ ಮುರುಗೇಂದ್ರಪ್ಪನ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದರು. ಅಂಚೆಯವನು ಅಂಗಳದಿಂದ ಕೂಗಿದಾಗ ಕಿರಿಯ ಮಗ ತಿಪ್ಪೇರುದ್ರಪ್ಪ ಮುದ್ದೆಯ ಕೈಯನ್ನೂ ತೊಳೆಯದೆ ಎದ್ದು ಓಡಿದ. ಬೇರೆ ಜಿಲ್ಲೆಯ ದವಾಖಾನೆಯೊಂದರಲ್ಲಿ ಆಸ್ಪತ್ರೆ ಅಸಿಸ್ಟೆಂಟ್ ಆಗಿದ್ದವನು ಅವನು. ಆರು ತಿಂಗಳ ರಜೆ ಹಾಕಿ ಹೆಂಡತಿಯನ್ನು ಕರೆದುಕೊಂಡು ಊರಿಗೆ ಬಂದಿದ್ದೇ ಈ ಕಾಗದಕ್ಕಾಗಿ.

"ಅದ್ರಾಗೇನೈತಲೇ?" ಎಂದ ಮುರುಗೇಂದ್ರಪ್ಪ.

"ಮುಂಬಯಿನಲ್ಲಿ ಒಬ್ಬ ಹತ್ತಿ ಸಾಹುಕಾರರು ತೀರಿಕೊಂಡ ಮಗನ ಹೆಸರಲ್ಲಿ ಧರ್ಮನಿಧಿ ಇಟ್ಟಿದಾರೆ ಅಪ್ಪ. ರೋಗಗಳ ಮೇಲೆ ಸಂಶೋಧನೆ ಮಾಡೋರಿಗೆ ಎರಡು ವರ್ಷ ತಿಂಗಳಿಗೆ ನೂರು ರೂಪಾಯಿ. ಪ್ರಯೋಗಶಾಲೆ ಅವರದೇ. ಈ ಸಲ ನನ್ನಂಥ ಅಸಿಸ್ಟೆಂಟ್‌ಗಳೂ ಅರ್ಜಿ ಹಾಕಬಹುದಂತೆ."

"ನೂರಾ!" ತಾಯಿ ಯರ್ರಮ್ಮ ಹುರುಳಿ ಸಾರಿನ ಸೌಟು ಹಿಡಿದು ಹಾಗೇ ನಿಂತಳು. ಮಗನಿಗೆ ಈಗ ಬರುತ್ತಿದ್ದದ್ದು ಮೂವತ್ತು.

"ಯಾವ ರೋಗದ ಮ್ಯಾಲೆ?" ಎಂದ ಅಣ್ಣ ಬೊಮ್ಮಲಿಂಗಪ್ಪ.

"ನಾರುಹುಣ್ಣು."

ಬೊಮ್ಮಲಿಂಗಪ್ಪ ನಕ್ಕ. "ನಮ್ಮೂರಾಗೆ ಯಾರ ಕಾಲಾಗೆ ಐತೋ ಅವರಿಗೆ ಕೊಡಬೇಕಪ್ಪ ಅಂಗಾರೆ ನೂರು ರೂಪಾಯಿ."

ನಗುವ ಮಾತೇ ಆಗಿತ್ತು. ಬೇಸಿಗೆ ಬಂತೆಂದರೆ ಊರಿನ ಮೆಟ್ಟಿಲು ಬಾವಿಗೆ ಇಳಿದು ನೀರು ತರುವವರಲ್ಲಿ ಹತ್ತಕ್ಕೊಬ್ಬರಿಗೆ ಕಾಲಲ್ಲಿ ಬೊಬ್ಬೆ ಏಳುತ್ತಿತ್ತು. ಬೊಬ್ಬೆ ಒಡೆದು ದಾರದಂಥ ಹುಳ ತಲೆ ಹಾಕುತ್ತಿತ್ತು, ಒಂದು ಮೊಳ, ಕೆಲವೊಮ್ಮೆ ಎರಡು ಮೊಳ ಉದ್ದ. ನಾಯಕರ ಹಟ್ಟಿಯ ಮುದುಕ ಗಾದ್ರಪ್ಪ ಅದನ್ನು ಸಣ್ಣ ಕಡ್ಡಿಗೆ ಸುತ್ತಿ, ದಿನಕ್ಕೆ ಎರಡು ಬೆರಳಷ್ಟು ಎಳೆದು, ಮೂರು ವಾರದಲ್ಲಿ ಪೂರ್ತಿ ತೆಗೆಯುತ್ತಿದ್ದ. ಕೂಲಿ ಒಂದು ಸೇರು ಜೋಳ. ಹುಳ ಒಳಗೇ ತುಂಡಾದರೆ ಮಾತ್ರ ಕಾಲು ಕೀವಾಗಿ ಮನುಷ್ಯ ಮೂಲೆ ಸೇರುತ್ತಾನೆಂದು ಊರಿಗೆಲ್ಲ ಗೊತ್ತಿತ್ತು.

ರುದ್ರಪ್ಪ ನಮೂನೆಯನ್ನು ಇನ್ನೊಮ್ಮೆ ಓದಿದ. ಹನ್ನೆರಡು ರೋಗಿಗಳ ವಿವರ ಬೇಕು. ಅದರಲ್ಲಿ ಒಬ್ಬರಿಗಾದರೂ ಯಾವ ಚಿಕಿತ್ಸೆಯನ್ನೂ ಕೊಡದೆ ನಲವತ್ತು ದಿನ ರೋಗದ ನಡೆಯನ್ನು ದಿನದಿನವೂ ಬರೆದಿಟ್ಟಿರಬೇಕು. ಜ್ಯೇಷ್ಠ ಮುಗಿಯುವುದರೊಳಗೆ ಅರ್ಜಿ ಮುಂಬಯಿ ಮುಟ್ಟಬೇಕು.

"ಅತ್ತಿಗೆ, ಇನ್ನೊಂದು ಮುದ್ದೆ ಹಾಕ್ರಿ," ಎಂದ. ಅಣ್ಣನ ಹೆಂಡತಿ ಚಿನ್ನಕ್ಕ ಬಂದು ಬಡಿಸಿದಳು.

ಹನ್ನೊಂದು ಕಾಲು ಸಿಕ್ಕಿದವು. ಹಿತ್ತಾಳೆ ಪೆಟ್ಟಿಗೆ ಹಿಡಿದು ಅವನು ಕೇರಿ ಕೇರಿ ಅಲೆದ, ಗೊಲ್ಲರ ಹಟ್ಟಿಗೂ ಹೋದ. ಎಲ್ಲರೂ ಕಾಲು ತೋರಿಸಿದರು, ಅಳತೆ ಕೊಟ್ಟರು. ಸುಮ್ಮನೆ ಬಿಟ್ಟಿರಿ ಎಂದಾಗ ಮಾತ್ರ ಯಾರೂ ಒಪ್ಪಲಿಲ್ಲ.

"ನಲವತ್ತು ದಿನ ಸುಮ್ಕೆ ಕುಂತ್ರೆ ನನ್ನ ಕುರಿ ನೀನು ಕಾಯ್ತೀಯಾ ಸ್ವಾಮಿ?" ಎಂದು ಗೊಲ್ಲರ ಜುಂಜಮ್ಮ ಕೇಳಿದಳು. ಮಾರನೆಯ ಬೆಳಿಗ್ಗೆ ಅವಳ ಕಾಲಿಗೆ ಗಾದ್ರಪ್ಪನ ಕಡ್ಡಿ ಕಟ್ಟಿತ್ತು.

ರುದ್ರಪ್ಪ ಮನೆಗೆ ಬಂದು ರೋಗಿಗಳ ವಿವರದ ಪುಸ್ತಕವನ್ನು ನೆಲಕ್ಕೆ ಎಸೆದ. ಹೆಂಡತಿ ಜಗದಾಂಬ ಎತ್ತಿಟ್ಟಳು. ಚಳ್ಳಕೆರೆಯ ಎಣ್ಣೆ ವ್ಯಾಪಾರಿಯ ಮಗಳು ಅವಳು. ಕನ್ನಡ ಓದು ಬರಹ ಚೆನ್ನಾಗಿ ಬರುತ್ತಿತ್ತು. ಗಂಡ ಹೇಳಿದ್ದನ್ನು ಬರೆದುಕೊಳ್ಳುವುದು ಅವಳ ಕೆಲಸ, ಅದನ್ನು ಇಂಗ್ಲಿಷಿಗೆ ತಿರುಗಿಸುವುದು ಅವನದು.

ಯುಗಾದಿಯಾದ ಎಂಟು ದಿನಕ್ಕೆ ಚಿನ್ನಕ್ಕನ ಬಲ ಪಾದದ ಗಂಟಿನ ಮೇಲೆ ಬೊಬ್ಬೆ ಎದ್ದಿತು.

ಅವಳು ಅದನ್ನು ಅತ್ತೆಗೆ ತೋರಿಸಿದಳು. "ಅತ್ತೆ, ಉರಿ ತಡಿಯಕಾಗಲ್ಲ. ಗಾದ್ರಪ್ಪಗೆ ಹೇಳಿಕಳ್ಸಿ."

ಯರ್ರಮ್ಮ ಬಗ್ಗಿ ನೋಡಿದಳು. ಆಮೇಲೆ ಪಡಸಾಲೆಯ ಕಡೆ ತಿರುಗಿ, "ರುದ್ರಾ, ಬಾ ಇಲ್ಲಿ," ಎಂದಳು.

ರುದ್ರಪ್ಪ ಬಂದ. ಬೊಬ್ಬೆ ಕಂಡು ಅವನ ಮುಖ ಅರಳಿದ್ದನ್ನು ಅತ್ತೆಯೂ ಇಬ್ಬರು ಸೊಸೆಯರೂ ನೋಡಿದರು.

"ಅತ್ತಿಗೆ, ಯಾರ ಕೈಲೂ ಮುಟ್ಟಿಸಬೇಡ್ರಿ. ನಾನಿದೀನಿ."

ಅಣ್ಣನನ್ನು ಅವನು ಕಣದಲ್ಲಿ ಹಿಡಿದ. ಬೊಮ್ಮಲಿಂಗಪ್ಪ ಎತ್ತಿಗೆ ಜೋಳದ ಸಪ್ಪೆ ಹಾಕುತ್ತಿದ್ದ. ಮಾತು ಕೇಳಿ ತಲೆ ಕೊಡವಿದ.

"ಆಗಕಿಲ್ಲಪ್ಪ. ಅವಳು ಮಲಿಕ್ಕಂಡ್ರೆ ನೀರು ಹೊರೋರ್ಯಾರು, ರೊಟ್ಟಿ ತಟ್ಟೋರ್ಯಾರು? ನಿನ್ನ ಹೆಂಡ್ತಿನಾ?"

"ಮಲಗೋದು ಬೇಡ. ಓಡಾಡಿಕೊಂಡೇ ಇರಲಿ. ಹುಳ ತೆಗೀದಿದ್ರೆ ಸಾಕು."

"ಕಾಲು ಹೋದ್ರೆ?"

"ನಾನು ವೈದ್ಯ ಅಲ್ವೇನಣ್ಣ?" ರುದ್ರಪ್ಪ ಅಣ್ಣನ ಹತ್ತಿರ ಸರಿದು ಹೇಳಿದ: "ಆರ್ಡರ್ ಕೈಗೆ ಬಂದ ದಿನ ಕೆರೆ ಹಿಂದಿನ ಹೊಲದಲ್ಲಿ ನನ್ನ ಪಾಲು ನಿನಗೆ ಬರೆದುಕೊಡ್ತೀನಿ. ಅಪ್ಪನ ಮುಂದೆ ಬೇಕಾದ್ರೂ ಹೇಳ್ತೀನಿ."

ಕೆರೆ ಹಿಂದಿನ ಹೊಲ ಎರೆಭೂಮಿ. ಮಳೆ ಕೈಕೊಟ್ಟ ವರ್ಷವೂ ಕಡಲೆ ಕೊಡುವ ಮಣ್ಣು. ಬೊಮ್ಮಲಿಂಗಪ್ಪ ಕೈಯಲ್ಲಿದ್ದ ಸಪ್ಪೆಯ ಕಟ್ಟನ್ನು ಕೆಳಗಿಟ್ಟ.

"ಪೂರ್ತಿ ಪಾಲಾ?"

"ಪೂರ್ತಿ."

"ಬದುವಿನ ಜಾಲಿಮರನೂ?"

"ಅದೂ ನಿಂದೇ."

ಅವತ್ತಿನಿಂದ ದಿನವೂ ಬೆಳಿಗ್ಗೆ ಚಿನ್ನಕ್ಕ ಹಿತ್ತಲ ಕಲ್ಲಿನ ಮೇಲೆ ಕೂತು ಕಾಲು ಚಾಚಬೇಕು. ಜಗದಾಂಬ ಪುಸ್ತಕ ಹಿಡಿಯುತ್ತಾಳೆ. ರುದ್ರಪ್ಪ ಹುಣ್ಣಿನ ಮೇಲೆ ತಣ್ಣೀರು ಹುಯ್ಯುತ್ತಾನೆ, ಹುಳದ ತುದಿಯಿಂದ ಹಾಲಿನಂಥ ನೀರು ಒಸರುತ್ತದೆ, ಅದನ್ನು ಗಾಜಿನ ಬಟ್ಟಲಲ್ಲಿ ಹಿಡಿಯುತ್ತಾನೆ. ದಾರದಿಂದ ಮೀನಖಂಡದ ಸುತ್ತಳತೆ ತೆಗೆಯುತ್ತಾನೆ. "ಹನ್ನೆರಡನೆಯ ರೋಗಿ. ಆರನೇ ದಿನ. ಬಾವು ಅರ್ಧ ಅಂಗುಲ ಹೆಚ್ಚು," ಎನ್ನುತ್ತಾನೆ. ಜಗದಾಂಬ ಬರೆಯುತ್ತಾಳೆ.

"ನೋವು ಹೆಂಗಿದೆ ಅತ್ತಿಗೆ?"

"ಐತೆ."

"ಹಂಗಲ್ಲ. ಚುಚ್ಚಿದಂಗೋ, ಸುಟ್ಟಂಗೋ?"

"ಸುಟ್ಟಂಗೆ."

"ಸುಟ್ಟಂಗೆ ಅಂತ ಬರಿ," ಎನ್ನುತ್ತಿದ್ದ ಹೆಂಡತಿಗೆ.

ಆಮೇಲೆ ಚಿನ್ನಕ್ಕ ಎದ್ದು ಒಲೆಯ ಮುಂದೆ ಕೂರುತ್ತಿದ್ದಳು. ಬಾವಿಗೆ ಹೋಗುವುದನ್ನು ಮಾತ್ರ ರುದ್ರಪ್ಪ ಬಿಡಿಸಿದ್ದ. ಹಾಲುನೀರು ಬಾವಿಯ ಪಾಲಾಗಬಾರದಲ್ಲ. ನೀರು ತರುವ ಕೆಲಸ ಜಗದಾಂಬನಿಗೆ ಬಂತು. ಅದಕ್ಕೆ ಬದಲಾಗಿ ಯರ್ರಮ್ಮ ಹಿರಿಸೊಸೆಗೆ ಬೀಸುವ ಕೆಲಸ ಹೆಚ್ಚಿಸಿದಳು.

"ಬೀಸಕ್ಕೆ ಕೈ ಬೇಕು, ಕಾಲಲ್ಲ," ಎಂದಳು.

"ಅವ್ವ, ಕಾಲು ಮಡಿಚ್ಕೊಂಡು ಕುಂತ್ರೆ ಅಕ್ಕಗೆ ನೋವಾಗ್ತೈತೆ," ಎಂದಳು ಜಗದಾಂಬ.

"ನೀನು ಬೀಸ್ತೀಯೇನೇ ಅಂಗಾರೆ? ಎರಡು ಬಿಂದಿಗೆ ತಂದು ಸೊಂಟ ಹಿಡ್ಕಂಡು ಕುಂತಿದ್ದೆಯಲ್ಲ ನೆನ್ನೆ. ಮದ್ವೆಯಾಗಿ ಒಂಬತ್ತು ವರ್ಷಕ್ಕೆ ಒಂದು ಕೂಸು ಕೊಡ್ಲಿಲ್ಲ ಈ ಮನೆಗೆ ಅವಳು. ಮೈದನಿಗೆ ಇಷ್ಟಾದ್ರೂ ಆಗ್ಲಿ."

ಚಿನ್ನಕ್ಕ ಬೀಸುಕಲ್ಲಿಗೆ ಇನ್ನೊಂದು ಹಿಡಿ ಜೋಳ ಹಾಕಿದಳು.

ಹದಿನೇಳನೇ ದಿನ ಅವಳಿಗೆ ಜ್ವರ ಬಂತು. ಮಂಡಿಯವರೆಗೂ ಕಾಲು ಕೆಂಪಾಯಿತು. ಗಂಡ ಹೊಲದಿಂದ ಬಂದು ಅಂಬಲಿ ಕುಡಿಯುತ್ತಿದ್ದಾಗ ಅವಳು ಗೋಡೆ ಹಿಡಿದು ಬಂದು ನಿಂತಳು.

"ಇನ್ನು ಸಾಕು. ಗಾದ್ರಪ್ಪನ್ನ ಕರೀರಿ."

"ಇನ್ನ ಇಪ್ಪತ್ಮೂರು ದಿನ ತಡಿಯೇ."

"ನಿಮ್ಮ ತಮ್ಮ ಎಣಿಸ್ತಾನೆ ಅಂದ್ರೆ ಅವನಿಗೆ ಬೇಕು. ನೀವ್ಯಾಕೆ ಎಣಿಸ್ತೀರಿ?"

ಬೊಮ್ಮಲಿಂಗಪ್ಪ ಚೊಂಬು ಕೆಳಗಿಟ್ಟ. "ಕೆರೆ ಹಿಂದಿನ ಹೊಲ ಬರ್ಕೊಡ್ತಾನಂತೆ. ನಮ್ಮಿಬ್ರಿಗೇ ತಾನೆ ಆಗೋದು? ಯಾರಿಗೋ ಅಲ್ಲ."

ಚಿನ್ನಕ್ಕನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವಳು ಮೆಲ್ಲಗೆ ನೆಲಕ್ಕೆ ಕೂತಳು.

"ಒಂದು ಮಾತು ನನ್ನ ಕೇಳಿದ್ರೇನು?"

"ಕೇಳಿದ್ರೆ ನೀನು ಒಪ್ತಿದ್ದೇನೇ?"

"ಇಲ್ಲ."

"ಅದಕ್ಕೇ ಕೇಳಲಿಲ್ಲ," ಎಂದು ಅವನು ಚೊಂಬನ್ನು ಮತ್ತೆ ಎತ್ತಿಕೊಂಡ.

ಇದೆಲ್ಲ ಕೇಳಿಸಿಕೊಂಡವಳು ಜಗದಾಂಬ. ಪುಸ್ತಕದಲ್ಲಿ ಅವಳೇ ಬರೆದ ಮಾತುಗಳಿದ್ದವು: ನಿದ್ದೆಯಿಲ್ಲ, ಅನ್ನ ಸೇರದು, ತೊಡೆಯ ಸಂದಿಯಲ್ಲಿ ಗಡ್ಡೆ, ರೋಗಿ ಅಳುತ್ತಾಳೆ. ಇಪ್ಪತ್ತೊಂದನೇ ದಿನ ರುದ್ರಪ್ಪ ಸ್ಪಿರಿಟ್ ತರಲು ಮೊಳಕಾಲ್ಮೂರಿಗೆ ಹೋದ. ಅಪ್ಪ, ಹಿರಿಮಗ ಹೊಲದಲ್ಲಿದ್ದರು, ಅತ್ತೆ ಯಾರದೋ ಮನೆಯ ತೊಟ್ಟಿಲಿಗೆ ಹೋಗಿದ್ದಳು. ಜಗದಾಂಬ ಬಿಂದಿಗೆ ಹಿಡಿದು ಹೊರಟವಳು ಬಾವಿಗೆ ಹೋಗದೆ ನಾಯಕರ ಹಟ್ಟಿಗೆ ಹೋದಳು.

ಗಾದ್ರಪ್ಪ ಬಂದ. ಕಾಲು ನೋಡಿ, "ಏನ್ ತಾಯಿ, ಮನೆಯಾಗೆ ಡಾಕ್ಟ್ರುನ್ನ ಇಟ್ಕಂಡು ಇಂಗೆ ಮಾಡ್ಕಂಡಿದ್ದೀಯ?" ಎಂದ. ಹಿತ್ತಲಲ್ಲಿ ಕೂತು ಬಿಸಿನೀರಿನ ಬಟ್ಟೆ ಇಟ್ಟ, ಹರಳೆಣ್ಣೆ ಸವರಿದ. ತೊಡೆಯಿಂದ ಕೆಳಗೆ ಹೆಬ್ಬೆರಳಲ್ಲಿ ನೀವುತ್ತ ಹೋದ. ಹುಳ ಸಡಿಲಾಗಿ ಅರ್ಧ ಗೇಣು ಹೊರಗೆ ಬಂತು. ಅದನ್ನು ಕಡ್ಡಿಗೆ ಸುತ್ತಿದ. ಮೂರು ವಾರದಲ್ಲಿ ಮೊದಲ ಸಲ ಚಿನ್ನಕ್ಕನಿಗೆ ಉಸಿರು ಹಗುರಾಯಿತು.

"ಅಲ್ಲಾಡಬ್ಯಾಡ ತಾಯಿ. ಇವತ್ತಿಗೆ ಇನ್ನೊಂದು ಸುತ್ತು ಸಾಕು."

ಬಾಗಿಲು ತಳ್ಳಿದ ಸದ್ದಾಯಿತು. ಮೊಳಕಾಲ್ಮೂರಿನ ದಾರಿಯಲ್ಲೇ ಎದುರಾದ ದವಾಖಾನೆಯ ಗಾಡಿಯಲ್ಲಿ ಸ್ಪಿರಿಟ್ ಸಿಕ್ಕಿ ರುದ್ರಪ್ಪ ಬೇಗ ಹಿಂತಿರುಗಿದ್ದ. ಹಿತ್ತಲಿಗೆ ಬಂದವನು ಒಂದು ಗಳಿಗೆ ನಿಂತ. ಆಮೇಲೆ, "ಯಾವನಲೇ ನಿನ್ನ ಕರೆಸಿದ್ದು!" ಎಂದು ಕೂಗುತ್ತ ಮುದುಕನ ಕೈಯಿಂದ ಕಡ್ಡಿಯನ್ನು ಕಿತ್ತುಕೊಂಡ.

"ಬುದ್ಧೀ, ಎಳೀಬ್ಯಾಡ್ರಿ, ಎಳೀಬ್ಯಾ—"

ಚಿನ್ನಕ್ಕ ಕಿರುಚಿದಳು. ಕಡ್ಡಿ ರುದ್ರಪ್ಪನ ಕೈಯಲ್ಲಿತ್ತು. ಅದಕ್ಕೆ ಗೇಣುದ್ದದ ಬಿಳಿ ದಾರ ಜೋತುಬಿದ್ದಿತ್ತು. ಉಳಿದದ್ದು ಒಳಗೆ ಸರಿದುಹೋಯಿತು.

ಗಾದ್ರಪ್ಪ ಎದ್ದು ನಿಂತ. ಯಾರನ್ನೂ ನೋಡಲಿಲ್ಲ. "ಮುಗೀತು," ಎಂದಷ್ಟೇ ಹೇಳಿ ಎಣ್ಣೆಯ ಕುಡಿಕೆ ತೆಗೆದುಕೊಂಡು ಹೊರಟುಹೋದ.

ಆ ಸಂಜೆ ಅಡಿಗೆಮನೆಯಲ್ಲಿ ರುದ್ರಪ್ಪ ಹೆಂಡತಿಯ ಕೆನ್ನೆಗೆ ಹೊಡೆದ. ಯರ್ರಮ್ಮ ಪಕ್ಕದಲ್ಲೇ ನಿಂತು, "ಇನ್ನೆರಡು ಹಾಕು. ನೂರು ರೂಪಾಯಿಗೆ ಮಣ್ಣು ಹಾಕಿದ್ಲು," ಎಂದಳು.

"ಹೊಲ?" ಎಂದ ಬೊಮ್ಮಲಿಂಗಪ್ಪ ಬಾಗಿಲಲ್ಲಿ ನಿಂತು.

ರುದ್ರಪ್ಪ ಅವನನ್ನು ದಾಟಿಕೊಂಡು ಹೊರಗೆ ಹೋದ.

ಮೂರನೇ ದಿನಕ್ಕೆ ಕಾಲು ಕುಂಬಳಕಾಯಿಯಂತೆ ಊದಿತು. ಮಂಡಿಯ ಹಿಂದೆ ಕೀವು ಕಟ್ಟಿತು. ಚಿನ್ನಕ್ಕ ಮಂಡಿ ಮಡಚಿಕೊಂಡು ಮಲಗಿದಳು. ಹಾಗಿದ್ದರೆ ಮಾತ್ರ ಸ್ವಲ್ಪ ತಡೆಯಬಹುದಿತ್ತು. ರುದ್ರಪ್ಪ ಅವಳ ಪಕ್ಕದಲ್ಲಿ ಕೂತು ಬಹಳ ಹೊತ್ತು ಯೋಚಿಸಿದ. ಆಮೇಲೆ ದಾರ ತೆಗೆದು ಅಳತೆ ಮಾಡತೊಡಗಿದ.

"ಹುಳ ತುಂಡಾದ ಮೇಲೆ ಏನೇನಾಗ್ತದೆ ಅಂತ ದಿನದಿನದ ಲೆಕ್ಕ ಯಾರೂ ಬರೆದಿಲ್ಲ," ಎಂದ ಹೆಂಡತಿಗೆ. "ಪುಸ್ತಕ ತಗೊಂಬಾ."

"ಕೀವು ತೆಗೀರಿ ಮೊದ್ಲು."

"ತೆಗೀತೀನಿ. ಹಣ್ಣಾಗಲಿ."

ಕೀವು ನಾಲ್ಕೇ ದಿನಕ್ಕೆ ಹಣ್ಣಾಗಿತ್ತು. ಅವನು ಚಾಕು ಹಾಕಿದ್ದು ಒಂಬತ್ತನೇ ದಿನ. ನಡುವಿನ ಐದು ದಿನದ ಜ್ವರ, ಬಾವು, ತೊದಲು ಮಾತು ಎಲ್ಲ ಪುಸ್ತಕ ಸೇರಿದವು. ಮುರುಗೇಂದ್ರಪ್ಪ ಒಮ್ಮೆ ಮಾತ್ರ ಒಳಗೆ ಬಂದು ಸೊಸೆಯನ್ನು ನೋಡಿ, "ಪಾಪ ಕಣಲೇ," ಎಂದ. ಮಗ "ಹೂಂ ಅಪ್ಪ" ಎಂದ. ಅಪ್ಪ ಹೊರಗೆ ಹೋಗಿ ಜಗಲಿಯ ಮೇಲೆ ಕೂತ.

ನಲವತ್ತನೇ ದಿನ ಅರ್ಜಿ ಮುಗಿಯಿತು. ಸ್ಪಿರಿಟ್ಟಿನ ಶೀಷೆಯಲ್ಲಿ ಗೇಣುದ್ದದ ಹುಳ, ದೊಡ್ಡ ಡಾಕ್ಟರೊಬ್ಬರ ಶಿಫಾರಸು ಕಾಗದ, ಹನ್ನೆರಡು ರೋಗಿಗಳ ವಿವರ. ಅರಗು ಹಾಕಿ ಕಟ್ಟಿದ ಪೊಟ್ಟಣವನ್ನು ರುದ್ರಪ್ಪ ತಾನೇ ರಾಯದುರ್ಗದ ರೈಲಿಗೆ ಒಯ್ದು ಕೊಟ್ಟು ಬಂದ. ಚಿನ್ನಕ್ಕ ಅಷ್ಟು ಹೊತ್ತಿಗೆ ಎದ್ದು ಕೂರುತ್ತಿದ್ದಳು. ಮಡಚಿದ ಮಂಡಿ ಮಾತ್ರ ಮತ್ತೆ ಚಾಚಲಿಲ್ಲ. ಅವಳು ಕೋಲು ಹಿಡಿದು, ಎಡಗಾಲಲ್ಲಿ ಕುಪ್ಪಳಿಸುತ್ತ, ಅಡಿಗೆಮನೆಗೂ ಹಿತ್ತಲಿಗೂ ಓಡಾಡಲು ಕಲಿತಳು.

"ಕೋಲಿನ ಸದ್ದು ಮಾಡ್ಬ್ಯಾಡ್ವೇ, ತಲೆನೋವು ಬರ್ತೈತೆ," ಎನ್ನುತ್ತಿದ್ದಳು ಯರ್ರಮ್ಮ.

ಆಷಾಢದಲ್ಲಿ ಕಾಗದ ಬಂತು. ಹನ್ನೆರಡನೆಯ ರೋಗಿಯ ವಿವರ ಅಪರೂಪದ್ದು, ಧರ್ಮನಿಧಿಯ ಪರೀಕ್ಷಕರಾದ ಡಾಕ್ಟರರು ಬಳ್ಳಾರಿಗೆ ಬರುವವರಿದ್ದಾರೆ, ಆ ರೋಗಿಯನ್ನು ಕಣ್ಣಾರೆ ನೋಡಿ ತೀರ್ಮಾನಿಸುತ್ತಾರೆ ಎಂದಿತ್ತು. ಮನೆ ಸುಣ್ಣ ಕಂಡಿತು. ಚಿನ್ನಕ್ಕನಿಗೆ ಹೊಸ ಸೀರೆ ಬಂತು. ಎಂಟು ದಿನ ಯರ್ರಮ್ಮ ಅವಳ ಅನ್ನದ ಮೇಲೆ ತಾನೇ ತುಪ್ಪ ಹಾಕಿದಳು.

ಪರೀಕ್ಷಕ ವಯಸ್ಸಾದ ಬಿಳಿಯ ಮನುಷ್ಯ. ಜೊತೆಗೆ ಊರಿನ ಪಟೇಲನೂ ಬಂದ. ಮುದುಕ ಸಾಹೇಬ ಚಾಪೆಯ ಮೇಲೆ ಮಂಡಿಯೂರಿ ಚಿನ್ನಕ್ಕನ ಕಾಲನ್ನು ಎರಡೂ ಕೈಯಲ್ಲಿ ಹಿಡಿದ. ಅವನು ಹಿಡಿದದ್ದು ಎಷ್ಟು ಮೆತ್ತಗಿತ್ತೆಂದರೆ ಅವಳು ತಲೆ ಎತ್ತಿ ನೋಡಿದಳು. ಅವನು ಇಂಗ್ಲಿಷಿನಲ್ಲಿ ಏನೋ ಕೇಳಿದ.

"ಹುಳ ಹೆಂಗೆ ತುಂಡಾಯ್ತು ಅಂತ ಕೇಳ್ತಿದಾರೆ ಅತ್ತಿಗೆ," ಎಂದ ರುದ್ರಪ್ಪ. "ಭಯ ಬೇಡ, ಹೇಳ್ರಿ."

ಮನೆಯವರೆಲ್ಲ ಗೋಡೆಗೆ ಒರಗಿ ನಿಂತಿದ್ದರು. ಚಿನ್ನಕ್ಕ ಸೆರಗು ಮುಂದಕ್ಕೆಳೆದು, ನೆಲ ನೋಡುತ್ತ, ಸ್ಪಷ್ಟವಾಗಿ ಹೇಳಿದಳು:

"ಕಿತ್ತಿದ್ದು ನನ್ನ ಮೈದ. ನಲವತ್ತು ದಿನ ಆಗ್ಬೇಕು ಅಂತ ಸುಮ್ಕೆ ಬಿಟ್ಟಿದ್ದ. ಆಮ್ಯಾಕೆ ಸಿಟ್ಟಿನಾಗೆ ಕಿತ್ತ. ನನ್ನ ಗಂಡಗೆ ಹೊಲ ಕೊಡ್ತೀನಿ ಅಂದಿದ್ದ. ಇಷ್ಟೇ ಸ್ವಾಮಿ."

ರುದ್ರಪ್ಪ ಸಾಹೇಬನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳತೊಡಗಿದ. ಆ ಮನೆಯಲ್ಲಿ ಇನ್ನಾರಿಗೂ ಇಂಗ್ಲಿಷು ಬರುತ್ತಿರಲಿಲ್ಲ. ಅವನು ಆಡಿದ ಅಷ್ಟೂ ಮಾತಿನಲ್ಲಿ ಅವರಿಗೆ ತಿಳಿದದ್ದು ಒಂದೇ ಒಂದು ಶಬ್ದ. ಗಾದ್ರಪ್ಪ. ಅದು ಎರಡು ಸಲ ಬಂತು.

ಚಿನ್ನಕ್ಕ ತಟ್ಟನೆ ತಲೆ ಎತ್ತಿದಳು. "ನಾನು ಗಾದ್ರಪ್ಪ ಅನ್ನಲಿಲ್ಲ. ಅವನ ಹೆಸರ್ಯಾಕೆ ಹೇಳ್ತೀಯ?"

ಸಾಹೇಬ ಅವಳನ್ನು ನೋಡಿದ, ರುದ್ರಪ್ಪನನ್ನು ನೋಡಿದ, ಮತ್ತೆ ಏನೋ ಕೇಳಿದ.

"ಗಾದ್ರಪ್ಪ ಈ ಮನೆಗೆ ಬಂದು ಹುಳ ಸುತ್ತಿದ್ದು ನಿಜವಾ ಅಂತ ಕೇಳ್ತಿದಾರೆ ಅಪ್ಪ," ಎಂದ ರುದ್ರಪ್ಪ.

ಮುರುಗೇಂದ್ರಪ್ಪ ಒಂದು ಸಲ ಕೆಮ್ಮಿ ತಲೆಯಾಡಿಸಿದ. ಬಂದದ್ದು ನಿಜವೇ. ಯರ್ರಮ್ಮನೂ ತಲೆಯಾಡಿಸಿದಳು. ಬೊಮ್ಮಲಿಂಗಪ್ಪ ಕೈಮುಗಿದು, "ಹೌದು ಬುದ್ಧಿ, ಹೌದು," ಎಂದ. ಜಗದಾಂಬ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಚಿನ್ನಕ್ಕ ಅವಳನ್ನೇ ನೋಡಿದಳು. ರುದ್ರಪ್ಪನೂ ನೋಡಿದ. ಜಗದಾಂಬ ತಲೆ ತಗ್ಗಿಸಿ, ಸಾಹೇಬನಿಗಾಗಿ ಕಾಯಿಸಿದ ಹಾಲಿನ ಲೋಟ ತರಲು ಒಳಗೆ ಹೋದಳು.

ಸಾಹೇಬ ಚಿನ್ನಕ್ಕನ ಕಾಲಿನ ಮೇಲೆ ಹೊದಿಕೆ ಎಳೆದು, ಪಟೇಲನ ಕಡೆ ತಿರುಗಿ ಬೇಸರದಿಂದ ಏನೋ ಹೇಳಿದ. ರುದ್ರಪ್ಪ ಅದನ್ನು ಚೆನ್ನಾಗಿ ಕನ್ನಡಕ್ಕೆ ತಿರುಗಿಸಿದ.

ಮಾರನೆಯ ದಿನ ಚಾವಡಿಯಲ್ಲಿ ಗಾದ್ರಪ್ಪನ ಹೆಬ್ಬೆಟ್ಟು ಒತ್ತಿಸಿಕೊಂಡರು. ಇನ್ನು ಮೇಲೆ ಯಾರ ಹುಣ್ಣನ್ನೂ ಮುಟ್ಟುವುದಿಲ್ಲ, ಮುಟ್ಟಿದರೆ ಪೊಲೀಸರಿಗೆ ಒಪ್ಪಿಸಬಹುದು ಎಂಬ ಕಾಗದ. ಅವನ ಕಡ್ಡಿಗಳನ್ನೂ ಎಣ್ಣೆಯ ಕುಡಿಕೆಯನ್ನೂ ತಳವಾರ ಚಾವಡಿಯ ಮುಂದೆ ಕಲ್ಲಿಗೆ ಹಾಕಿ ಕುಟ್ಟಿದ. ಮುರುಗೇಂದ್ರಪ್ಪನ ಹಿರಿಸೊಸೆಯೇ ಸಾಹೇಬನ ಮುಂದೆ ಹೆಸರು ಹೇಳಿದಳಂತೆ ಎಂಬ ಮಾತು ಊರಲ್ಲಿ ಹಬ್ಬಿತು.

ಶ್ರಾವಣದ ಮೊದಲ ವಾರ ಆರ್ಡರ್ ಬಂತು. ರುದ್ರಪ್ಪ ಹೇಳಿದ ಮಾತಿಗೆ ತಪ್ಪಲಿಲ್ಲ. ಹೊಲದ ಪಾಲು ಬರೆದುಕೊಟ್ಟೇ ಮುಂಬಯಿಗೆ ಹೊರಟ. ಮನೆ ಸಿಕ್ಕಿದ ಮೇಲೆ ಹೆಂಡತಿಯನ್ನು ಕರೆಸಿಕೊಳ್ಳುವುದಾಗಿ ಹೇಳಿದ. ಬೊಮ್ಮಲಿಂಗಪ್ಪ ತಮ್ಮನನ್ನು ಗಾಡಿಯಲ್ಲಿ ರಾಯದುರ್ಗಕ್ಕೆ ಬಿಟ್ಟು, ಬರುವಾಗ ಹೊಸ ಹೊಲದ ಬದುವಿಗೆ ಇಳಿದು ಒಂದು ಸುತ್ತು ಹಾಕಿಕೊಂಡು ಬಂದ.

ಅವನು ಬರುವ ಹೊತ್ತಿಗೆ ಚಿನ್ನಕ್ಕ ಮನೆಯಲ್ಲಿರಲಿಲ್ಲ. ಕೋಲೂರಿಕೊಂಡು ನಾಯಕರ ಹಟ್ಟಿಯ ಕಡೆ ಹೊರಟಿದ್ದಳು. ಅರ್ಧ ಗಳಿಗೆಯ ದಾರಿ ಅವಳಿಗೆ ಮಧ್ಯಾಹ್ನವೆಲ್ಲ ಹಿಡಿಯಿತು. ಜಗದಾಂಬ ಹಿಂದೆಯೇ ಬಂದಳು. ಚಿನ್ನಕ್ಕ ಬೇಡ ಎನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ.

ಗಾದ್ರಪ್ಪನ ಹೆಂಡತಿ ಕರಿಯಕ್ಕ ಗುಡಿಸಲ ಮುಂದೆ ಸಜ್ಜೆ ಕೇರುತ್ತಿದ್ದಳು. ಬಂದವರನ್ನು ನೋಡಿಯೂ ಮೊರ ನಿಲ್ಲಿಸಲಿಲ್ಲ.

"ಇನ್ನ ಯಾರ ಹೆಸರು ಹೇಳಕ್ಕೆ ಬಂದ್ರಿ ತಾಯಿ?"

"ನಾನು ಹೇಳಿಲ್ಲ ಕರಿಯಕ್ಕ," ಎಂದಳು ಚಿನ್ನಕ್ಕ. ಅವಳಿಗೆ ಏದುಸಿರು ಬಂದಿತ್ತು. "ನಾನು ನನ್ನ ಮೈದನ ಮಾತು ಹೇಳಿದ್ದು. ಅವನು ಸಾಹೇಬಗೆ ಬೇರೆ ಹೇಳ್ದ."

"ಸಾಹೇಬ ಬರ್ಕಂಡು ಹೋದ್ನಲ್ಲ, ನಿನ್ನ ಬಾಯಿಂದಲೇ ಬಂತು ಅಂತ."

"ಅಕ್ಕ ಹೇಳ್ಲಿಲ್ಲ," ಎಂದಳು ಜಗದಾಂಬ. "ನಾನು ಕೇಳಿಸಿಕೊಂಡೆ. ನಾನಲ್ಲೇ ಇದ್ದೆ. ಆಣೆ ಮಾಡಿ ಹೇಳ್ತೀನಿ."

ಕರಿಯಕ್ಕ ಮೊರ ಕೆಳಗಿಟ್ಟು ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಅಲ್ಲೇ ಇದ್ದೆ ಅಂಗಾರೆ. ನನ್ನ ಗಂಡನ್ನ ಕರ್ಕಂಡು ಹೋಗಕ್ಕೆ ಬಂದೋಳೂ ನೀನೇ. ಸಾಹೇಬನ ಮುಂದೆ ಯಾಕವ್ವ ಬಾಯಿ ಬಿಡ್ಲಿಲ್ಲ?"

ಜಗದಾಂಬ ಒಂದು ಹೆಜ್ಜೆ ಹಿಂದೆ ಸರಿದಳು. ಚಿನ್ನಕ್ಕ ಅವಳ ಕಡೆ ತಿರುಗಿಯೂ ನೋಡಲಿಲ್ಲ.

ಮಾತು ಕೇಳಿ ಗಾದ್ರಪ್ಪ ಒಳಗಿನಿಂದ ಬಾಗಿಲಿಗೆ ಬಂದ. ಚಿನ್ನಕ್ಕ ಕೋಲು ಬಿಟ್ಟು, ಗುಡಿಸಲ ಮುಂದಿನ ಬಂಡೆಯ ಮೇಲೆ ಕೂತು, ಸೀರೆ ಸ್ವಲ್ಪ ಎತ್ತಿ ಮಡಚಿದ ಮಂಡಿಯನ್ನು ಅವನಿಗೆ ತೋರಿಸಿದಳು.

"ಸ್ವಲ್ಪ ಮಂಡಿ ನೀವಿಕೊಟ್ರೆ ಚಾಚ್ತೈತೇನೋ ನೋಡಪ್ಪ. ನಿನ್ನ ಕೈಗಾದ್ರೂ ಬರ್ತೈತೇನೋ."

ಮುದುಕ ನಿಂತಲ್ಲಿಂದಲೇ ಬಹಳ ಹೊತ್ತು ಅವಳ ಮಂಡಿಯನ್ನು ನೋಡಿದ. ಅವನ ಹೆಬ್ಬೆರಳು ಒಂದು ಸಲ ಅಲ್ಲಾಡಿತು.

"ನಾನು ಮುಟ್ಟಂಗಿಲ್ಲ ತಾಯಿ," ಎಂದ. ಎರಡೂ ಕೈಯನ್ನು ಕಂಕುಳಲ್ಲಿ ಇಟ್ಟುಕೊಂಡು, ತಲೆ ಬಗ್ಗಿಸಿ, ಗುಡಿಸಲೊಳಕ್ಕೆ ಹೋದ.